ಮನೆಗೆ ಬಂದು ಮಾರಿದ ನೀರಿನ ಫಿಲ್ಟರ್ ವಾಪಸ್ ಕೊಡಬಹುದಾ?

ಅಮ್ಮ ಒಬ್ಬರೇ ಇದ್ದಾಗ ಇಬ್ಬರು ಬಂದು, ನಲ್ಲಿ ನೀರಿಗೆ ಕರೆಂಟಿನ ಕಡ್ಡಿಗಳನ್ನು ಅದ್ದಿ 'ನೋಡಿ, ಎಷ್ಟು ಕೊಳೆ' ಅಂತ ಹೆದರಿಸಿ, 14,500 ರೂಪಾಯಿಯ ಆರ್‌ಒ ಫಿಲ್ಟರ್ ಕೂರಿಸಿ ಹೋಗಿದ್ದಾರೆ. ದುಡ್ಡು ವಾಪಸ್ ಸಿಗುತ್ತಾ ಅಂತ ಕೇಳಿದ್ದೀರಿ.

ಸುಮ್ನೆ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ನಮ್ಮ ಗ್ರಾಹಕ ಕಾನೂನಿನಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ಇಂಥ ಖರೀದಿಗೆ 14 ದಿನ ಸಿಗುತ್ತದೆ. ಇಲ್ಲಿ ಹಾಗಿಲ್ಲ.

ಆದರೆ ಆ ಕಡ್ಡಿ ಆಟ ಇದೆಯಲ್ಲ, ನಿಮಗೆ ಬಲ ಬರುವುದೇ ಅದರಿಂದ. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಕರೆಂಟ್ ಹರಿದಾಗ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಕಂದು ಬಣ್ಣ ಬರುವುದು ಅದರಿಂದ, ನೀರಿನ ಕೊಳೆಯಿಂದಲ್ಲ. ನಲ್ಲಿ ನೀರಿನಲ್ಲಿ ಲವಣ ಇರುವುದರಿಂದ ಕರೆಂಟ್ ಹರಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ನಮ್ಮ ಮನೆಗೂ ಒಬ್ಬ ಬಂದಿದ್ದ. 'ನಿಮ್ಮ ಫಿಲ್ಟರ್ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ತೋರಿಸಪ್ಪಾ' ಅಂದೆ. ಸಾಮಾನು ಕಟ್ಟಿಕೊಂಡು ಹೊರಟ!

ಹೀಗೆ ಸುಳ್ಳು ತೋರಿಸಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ಫಿಲ್ಟರಿನಲ್ಲೇ ದೋಷ ಇದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳಬೇಕು, ಏನೂ ಹೇಳದಿದ್ದರೆ 30 ದಿನದೊಳಗೆ. ಏಜೆಂಟರ ಜಾಲದ ಮೂಲಕ ಮಾರುವ ಡೈರೆಕ್ಟ್ ಸೆಲ್ಲಿಂಗ್ ಕಂಪನಿಯಾದರೆ 2021ರ ನಿಯಮಗಳೂ ಇವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಬರುವಂತಿಲ್ಲ.

ಈಗ ಮಾಡಬೇಕಾದ್ದು: ಫೋನಿನಲ್ಲಿ ಜಗಳ ಬೇಡ. ಅವರು ಏನೇನು ಹೇಳಿದರು ಅಂತ ಅಮ್ಮನನ್ನು ಕೇಳಿ ಇವತ್ತೇ ಬರೆದಿಡಿ. ಹಣ ವಾಪಸ್ ಬೇಕು ಅಂತ ಕಂಪನಿಗೆ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಕಳಿಸಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಅಮ್ಮ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ಇಎಂಐ ಮಾಡಿಸಿದ್ದರೆ ಕಂತು ಏಕಾಏಕಿ ನಿಲ್ಲಿಸಬೇಡಿ, ಸಿಬಿಲ್ ಸ್ಕೋರ್ ಹಾಳಾಗುತ್ತದೆ. ಸಾಲ ಕೊಟ್ಟವರಿಗೂ ವಿಷಯ ಬರೆದು ತಿಳಿಸಿ.

ಬಿಲ್ಲಿನಲ್ಲಿ ಬರೀ ಮೊಬೈಲ್ ನಂಬರ್ ಇದ್ದರೆ ಜಿಎಸ್‌ಟಿ ನಂಬರ್ ಎಲ್ಲಾದರೂ ಇದೆಯಾ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ ವ್ಯಾಪಾರದ ನಿಜವಾದ ಹೆಸರು ಸಿಗುತ್ತದೆ. ದೂರಿನಲ್ಲಿ ಆ ಹೆಸರನ್ನೇ ಬರೆಯಿರಿ.