ಮುಸುವದ ಕೊನೆಯ ದವಡೆ ಹಲ್ಲಿನಲ್ಲಿ ಐದು ಉಬ್ಬುಗಳೇಕೆ?

ಕಲಬುರಗಿಯ ಪ್ರಯೋಗಾಲಯದಲ್ಲಿ ಮುಸುವದ ಕೆಳದವಡೆಯನ್ನು ಗಿಬ್ಬನ್ (ಬಾಲವಿಲ್ಲದ ವಾನರ) ಎಂದು ತಪ್ಪಾಗಿ ಬರೆದದ್ದೇಕೆ ಎಂದು ನೀವು ಕೇಳಿದ್ದೀರಿ. ಐದು ಉಬ್ಬುಗಳೆಂದರೆ ಗಿಬ್ಬನ್ ಎಂದುಕೊಂಡು, ಕೊನೆಯ ಹಲ್ಲಿನ ಉಬ್ಬುಗಳನ್ನಷ್ಟೇ ಎಣಿಸಿದ್ದು ಬಹುಶಃ ಅದಕ್ಕೆ ಕಾರಣ. ಮುಸುವದ ಮೂರನೆಯ ದವಡೆ ಹಲ್ಲಿನ ಹಿಂಬದಿಯಲ್ಲೂ ಹೈಪೊಕೊನುಲಿಡ್ ಎಂಬ ಐದನೆಯ ಉಬ್ಬು ಇರುತ್ತದೆ. ದವಡೆಯ ಪ್ರತಿ ಅರ್ಧದಲ್ಲಿ ಬಾಚಿ, ಕೋರೆ, ಮುಂದವಡೆ, ದವಡೆ ಹಲ್ಲುಗಳು ಎಷ್ಟೆಷ್ಟು ಎಂದು ತಿಳಿಸುವ 2-1-2-3 ಎಂಬ ದಂತಸೂತ್ರ ಮುಸುವ, ಗಿಬ್ಬನ್ ಎರಡಕ್ಕೂ ಒಂದೇ ಆದ್ದರಿಂದ ಅದು ನೆರವಿಗೆ ಬಾರದು.

ಮೊದಲು ಎರಡನೆಯ ದವಡೆ ಹಲ್ಲನ್ನು ನೋಡಿ. ಬೆಳಕನ್ನು ಓರೆಯಾಗಿ ಬಿಟ್ಟರೆ, ಮುಸುವದಲ್ಲಿ ನಾಲ್ಕು ಉಬ್ಬುಗಳು ಎರಡು ಜೋಡಿಯಾಗಿ, ಪ್ರತಿ ಜೋಡಿಯೂ ಕೆನ್ನೆಯ ಕಡೆಯಿಂದ ನಾಲಗೆಯ ಕಡೆಗೆ ಸಾಗುವ ಚೂಪಾದ ಅಡ್ಡ ಏಣಿನಿಂದ ಕೂಡಿಕೊಂಡು, ಹೊಲದ ಎರಡು ಬದುಗಳಂತೆ ಎದ್ದು ಕಾಣುತ್ತವೆ. ಗಿಬ್ಬನ್ನಿನಲ್ಲಿ ಇಂಥ ಏಣುಗಳಿಲ್ಲ. ಸಾಮಾನ್ಯವಾಗಿ ಐದು ತಗ್ಗಾದ ಉಬ್ಬುಗಳ ನಡುವಿನ ಸೀಳುಗಳು ವೈ ಆಕಾರದಲ್ಲಿ ಕೂಡುತ್ತವೆ. ಆಮೇಲಷ್ಟೇ ಮೂರನೆಯ ಹಲ್ಲಿಗೆ ಬನ್ನಿ. ಅಲ್ಲಿಯೂ ಮುಂದೆ ಎರಡು ಅಡ್ಡ ಏಣುಗಳಿದ್ದರೆ, ಹಿಂದೆ ಐದನೆಯ ಉಬ್ಬಿದ್ದರೂ ಅದು ಗಿಬ್ಬನ್ ಅಲ್ಲ, ಮಂಗವೇ.

ಹಲ್ಲು ಸವೆದು ಹೊರಕವಚದ ಕೆಳಗಿನ ಡೆಂಟೀನ್ ಪದರ ಬಯಲಾಗಿದ್ದರೆ ಅದೊಂದರಿಂದ ಖಚಿತವಾಗಿ ಹೇಳಲಾಗದು. ಉತ್ತರದಲ್ಲಿ ಹಾಗೆಂದೇ ಬರೆಯಿರಿ. ಗಿಬ್ಬನ್ನಿನಂಥ ಐದು ಉಬ್ಬುಗಳ ಹೋಲಿಕೆಗೆ ಮನುಷ್ಯನ ಕೆಳದವಡೆಯ ಹಲ್ಲಿನ ಅಚ್ಚನ್ನು ದಂತ ವೈದ್ಯಕೀಯ ಕಾಲೇಜಿನಲ್ಲಿ ಕೇಳಿ ನೋಡಿ, ಆದರೆ ಮೊದಲನೆಯ ದವಡೆ ಹಲ್ಲನ್ನೇ ಗಮನಿಸಿ, ಏಕೆಂದರೆ ನಮ್ಮ ಎರಡನೆಯದರಲ್ಲಿ ಹಲವು ಬಾರಿ ನಾಲ್ಕೇ ಉಬ್ಬುಗಳಿರುತ್ತವೆ. ಊರಾಚೆ ಸಿಕ್ಕ ಮುಸುವದ ತಲೆಬುರುಡೆಯನ್ನು ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ.