ರೋಮ್ ಗೆದ್ದದ್ದೋ, ದೊರೆ ಕೊಟ್ಟದ್ದೋ?

ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ಮುಸೊಲಿನಿ ಕರಿಯಂಗಿ ದಳಗಳ (ಕಪ್ಪು ಅಂಗಿ ತೊಟ್ಟ ಅವನ ಫ್ಯಾಸಿಸ್ಟ್ ಹೊಡೆದಾಟದ ಗುಂಪುಗಳ) ತೋಳ್ಬಲದಿಂದ ರೋಮ್ ಗೆದ್ದ ಎಂದಿದ್ದೀರಿ. ಅವನನ್ನು ಪ್ರಧಾನಿ ಮಾಡಿದ್ದು ಇಟಲಿಯ ದೊರೆಯಲ್ಲವೆ? ದಳಗಳ ಪಾತ್ರವನ್ನು ಉಬ್ಬಿಸಿ ಬರೆದಂತಾಗಲಿಲ್ಲವೆ?
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ನಿಮ್ಮ ಮೊದಲ ಮಾತು ಸರಿ. ‘ಗೆದ್ದ’ ಎಂದದ್ದು ನಮ್ಮ ತಪ್ಪು, ಗೆಲ್ಲಲು ಅಲ್ಲಿ ಕಾಳಗವೇ ಆಗಲಿಲ್ಲ. 1922ರ ಅಕ್ಟೋಬರ್ 28ರ ಬೆಳಿಗ್ಗೆ ಆಗಿನ ಪ್ರಧಾನಿ ಫಾಕ್ಟಾ ಈ ದಳಗಳನ್ನು ತಡೆಯಲು ಸೈನಿಕ ಆಡಳಿತದ ಆದೇಶ ಹಿಡಿದು ಹೋದರೆ, ದೊರೆ ಮೂರನೇ ವಿಕ್ಟರ್ ಇಮ್ಯಾನುಯಲ್ ರುಜು ಹಾಕಲಿಲ್ಲ. ಕರಿಯಂಗಿಯವರು ರಾಜಧಾನಿಯ ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದರು. ಅವರ ನಾಯಕ ಮಿಲಾನ್‌ನಿಂದ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದು 30ರ ಬೆಳಿಗ್ಗೆ ಇಳಿದ.

ಎರಡನೆಯದನ್ನು ಮಾತ್ರ ಒಪ್ಪಲಾರೆ. ರೋಮನ್ನು ಬಿಟ್ಟು ಉತ್ತರ ಇಟಲಿಯ ಪೋ ನದಿಯ ಬಯಲಿಗೆ ಬನ್ನಿ. 1920ರಲ್ಲಿ ಫೆರಾರಾ, ಬೊಲೊನ್ಯ ಸೀಮೆಯ ಹೊಲಗಳಲ್ಲಿ ಕೂಲಿಕಾರರ ಸಂಘಗಳದೇ ಮಾತು. ಯಾರನ್ನು ಕೆಲಸಕ್ಕೆ ಕರೆಯಬೇಕು, ಎಷ್ಟು ಕೂಲಿ ಕೊಡಬೇಕು, ಎಲ್ಲ ಅವೇ ಹೇಳುತ್ತಿದ್ದವು. ಜಮೀನ್ದಾರರಿಗೆ ಇದು ನುಂಗಲಾರದ ತುತ್ತು. ಆ ನವೆಂಬರ್ 21ರಂದು ಬೊಲೊನ್ಯದ ನಗರಸಭೆಯ ಮುಂದೆ ಗುಂಡು ಹಾರಿ ಹೆಣಗಳು ಬಿದ್ದ ಮೇಲೆ ಜಮೀನ್ದಾರರ ದುಡ್ಡು ಕರಿಯಂಗಿಯವರ ಕಡೆ ಧಾರಾಳವಾಗಿ ಹರಿಯಿತು. ರಾತ್ರಿ ಲಾರಿಗಳಲ್ಲಿ ಬರುವುದು, ಸಂಘದ ಕಚೇರಿಗೆ ಬೆಂಕಿ ಇಡುವುದು, ಮುಖಂಡನನ್ನು ಮನೆಯಿಂದೆಳೆದು ದೊಣ್ಣೆಯಲ್ಲಿ ಬಡಿದು ಬಾಯಿಗೆ ಹರಳೆಣ್ಣೆ ಸುರಿಯುವುದು. ನಮಗೆ ಹರಳೆಣ್ಣೆ ಎಂದರೆ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಒಂದು ಚಮಚ. ಅಲ್ಲಿ ಅದು ಶಿಕ್ಷೆ. ಸತ್ತವನನ್ನಾದರೂ ಊರು ಹುತಾತ್ಮ ಎನ್ನುತ್ತದೆ. ಎಲ್ಲರೆದುರು ಬಟ್ಟೆಯಲ್ಲೇ ಹೇತುಕೊಂಡವನು ಮರುವಾರ ಸಂಘದ ಸಭೆಯಲ್ಲಿ ಯಾವ ಮುಖ ಹೊತ್ತು ಎದ್ದು ನಿಂತಾನು?

ಪೊಲೀಸರು ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಬಹಳ ಕಡೆ ಸುಮ್ಮನೆ ನೋಡುತ್ತಿದ್ದರು, ಕೆಲವೆಡೆ ಕೈಜೋಡಿಸಿದ್ದೂ ಉಂಟು. ಸಾರ್ಜಾನಾ ಎಂಬ ಪಟ್ಟಣದಲ್ಲಿ ಹಾಗಾಗಲಿಲ್ಲ. 1921ರ ಜುಲೈ 21ರಂದು ಜೈಲಿನಲ್ಲಿದ್ದ ತಮ್ಮವರನ್ನು ಬಿಡಿಸಿಕೊಳ್ಳಲು ಸುಮಾರು 500 ಮಂದಿ ಕರಿಯಂಗಿಯವರು ನುಗ್ಗಿದಾಗ, ಹತ್ತು ಹನ್ನೆರಡು ಪೊಲೀಸರು ಮತ್ತು ಸೈನಿಕರು ಗುಂಡು ಹಾರಿಸಿದರು. ಅಷ್ಟಕ್ಕೇ ದಂಡೆಲ್ಲ ದಿಕ್ಕಾಪಾಲಾಗಿ ಹೊಲಗಳಿಗೆ ಓಡಿತು! ಅದಕ್ಕೂ ಎರಡು ತಿಂಗಳ ಹಿಂದಷ್ಟೇ, ಮೇ ಚುನಾವಣೆಯಲ್ಲಿ, ಪ್ರಧಾನಿ ಜೊಲಿಟ್ಟಿ ಇವರನ್ನು ತಮ್ಮ ಕೂಟಕ್ಕೆ ಸೇರಿಸಿಕೊಂಡು 35 ಫ್ಯಾಸಿಸ್ಟರು ಸಂಸತ್ತಿಗೆ ಬರುವಂತೆ ಮಾಡಿದ್ದರು.

ಹೀಗಾಗಿ ದೊರೆ ಪಟ್ಟ ಕಟ್ಟುವ ಹೊತ್ತಿಗೆ ಆ ಬಯಲಿನ ಸಂಘಗಳಲ್ಲಿ ಎದುರಾಡುವ ಶಕ್ತಿ ಉಳಿದಿರಲಿಲ್ಲ. ಈ ಋಣ ಮುಸೊಲಿನಿಗೂ ಗೊತ್ತಿತ್ತು. 1923ರಲ್ಲಿ ದಳಗಳನ್ನು ಸರಕಾರಿ ಪಡೆಯಾಗಿಸಿ ಖಜಾನೆಯ ಖರ್ಚಿನಲ್ಲಿ ಸಾಕಿದ.

ಲೇಖನ ಪುಸ್ತಕಕ್ಕೆ ಸೇರುವಾಗ ‘ಗೆದ್ದ’ ಎಂಬುದನ್ನು ತೆಗೆಯುತ್ತೇವೆ. ದಳಗಳ ಕುರಿತ ಪುಟಗಳು ಇದ್ದಂತೆಯೇ ಇರುತ್ತವೆ.