ಪ್ರತಿಕ್ರಿಯೆ: ರಾಂಪೋ ಪ್ರಶಸ್ತಿ ಮೊದಲು ಬಂದಿದ್ದು ವಿಮರ್ಶಕರಿಗಾ?
ಜಪಾನಿನಲ್ಲಿ ಪತ್ತೇದಾರಿ ಸಾಹಿತ್ಯಕ್ಕೆ ಕೊಡೋ ಎದೊಗಾವಾ ರಾಂಪೋ ಪ್ರಶಸ್ತಿ ಮೊದಲನೇ ಸಲ ಕಾದಂಬರಿಕಾರರನ್ನ ಬಿಟ್ಟು ವಿಮರ್ಶಕರಿಗೆ ಹೋಗಿತ್ತಾ ಅಂತ ಕೇಳಿದ್ರಲ್ಲ, ನಿಜಾನೇ. 1955ರಲ್ಲಿ ನಾಕಾಜಿಮಾ ಕವಾತಾರೋ ಅವರಿಗೆ ಬಂತು, ಅದೂ ಪತ್ತೇದಾರಿ ಸಾಹಿತ್ಯದ ಒಂದು ಡಿಕ್ಷನರಿಗೆ! 'ಹೋಸೆಕಿ' ಅನ್ನೋ ಪತ್ರಿಕೇಲಿ ಅದು ಕಂತು ಕಂತಾಗಿ ಬರ್ತಿತ್ತು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹಳೇ ಪತ್ರಿಕೆಗಳನ್ನ ತಿರುವಿಹಾಕಿ ಇಂಥ ಕೆಲಸ ಮಾಡೋದು ಅಂದ್ರೆ ಎಷ್ಟು ಶ್ರದ್ಧೆ ಬೇಕು ಹೇಳಿ, ನನಗಂತೂ ಒಂದು ಒಳ್ಳೆ ಕಾದಂಬರಿ ಬರೆಯೋದಕ್ಕಿಂತ ಇದು ಸಣ್ಣ ಕೆಲಸ ಅನ್ಸಲ್ಲ. 1956ರಲ್ಲಿ ಹಯಾಕಾವಾ ಪ್ರಕಾಶನಕ್ಕೆ ಕೊಟ್ರು, ಕಾದಂಬರಿಗಳ ಸರದಿ ಶುರುವಾಗಿದ್ದು 1957ರಿಂದ. ನಾಕಾಜಿಮಾ ಅಲ್ಲಿಗೇ ನಿಲ್ಲಲಿಲ್ಲ, 1966ರಲ್ಲಿ ವಿಮರ್ಶೆಗೇ ಜಪಾನ್ ಪತ್ತೇದಾರಿ ಲೇಖಕರ ಸಂಘದ ಪ್ರಶಸ್ತಿ ಪಡೆದ್ರು, ಮುಂದೆ ಆ ಸಂಘವನ್ನ ಮುನ್ನಡೆಸಿದ್ದೂ ಅವರೇ.